ಮಟಡೋರಿನೊಳಗಿನ ಅಡುಗೆಮನೆ

ಶಿವರಾತ್ರಿ ಮುಗಿದ ಮೂರನೇ ದಿನ ಅಣ್ಣಪ್ಪ ತನ್ನ ಹಳೆಯ ಮಟಡೋರ್ ವ್ಯಾನಿನ ಬಾಗಿಲು ತೆಗೆದ. ಮೂಡಲಗಿಯಿಂದ ಕುಲಗೋಡಕ್ಕೆ ಹೋಗುವ ರಸ್ತೆಯ ಅಂಚಿನ ಅವನ ಮನೆಯ ಹಿತ್ತಲಿನಲ್ಲಿ, ಬೇವಿನ ಮರದ ಕೆಳಗೆ, ಗಾಡಿ ಹನ್ನೊಂದು ವರ್ಷದಿಂದ ನಿಂತಲ್ಲೇ ನಿಂತಿತ್ತು. ಬಾಗಿಲೇನು ಸುಮ್ಮನೆ ತೆರೆಯಲಿಲ್ಲ. ಸಂದಿಗೆ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಬಡಿದು, ಬಾಯಿಗೆ ಬಂದಂತೆ ಬೈದು, ಕೊನೆಗೆ ಕಾಲು ಕೊಟ್ಟು ಜಗ್ಗಿದ ಮೇಲೆ ಕಿರ್ರೆಂದು ಸರಿಯಿತು. ಒಡೆದ ಕಿಟಕಿಯಿಂದ ಒಳಸೇರಿ ಕಾವು ಕೂತಿದ್ದ ಪಕ್ಕದ ಮನೆಯವರ ಕೋಳಿ ಅರಚುತ್ತ ಹೊರಗೆ ಹಾರಿತು. ಅದರ ಬೆನ್ನಿಗೇ ಸತ್ತ ಇಲಿಯ ನಾತ ಬಂತು.

ಸೊಸೆ ದಾಕ್ಷಾಯಿಣಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಬಾವಿಕಟ್ಟೆಯ ತನಕ ಓಡಿದಳು. ಅವಳ ಏಳು ವರ್ಷದ ಮಗಳು ಅರ್ಚನಾ ಅವಳಿಗಿಂತ ಮುಂದೆ ಓಡಿದ್ದಳು. ಮೂವತ್ತು ವರ್ಷ ಆ ಗಾಡಿಯಲ್ಲೇ ಉಂಡು ಮಲಗಿದ ಅಣ್ಣಪ್ಪ ಕೂಡ ಎರಡು ಹೆಜ್ಜೆ ಹಿಂದೆ ಸರಿದು ಉಗುಳಿದ. ಒಳಗೆ ಹೋದವಳು ಅತ್ತೆ ಶಿವಗಂಗವ್ವ ಒಬ್ಬಳೇ. ನಿರಿಗೆ ಎತ್ತಿ ಹಿಡಿದು ಹತ್ತಿದವಳು ಆ ಮೂಲೆಯಿಂದ ಈ ಮೂಲೆಗೆ ಗೇಣು ಹಾಕಿ ಅಳೆಯತೊಡಗಿದಳು.

"ಇಲ್ಲಿ ಒಲಿ ಬರತೈತಿ. ಬಾಜೂಕ ದೇವರ ಜಗಲಿ. ಈ ಕಡೆ ಅಡ್ಡಾಗಾಕ ಮಂಚಾ."

"ಅತ್ತಿ, ಹೊರಗ ಬರ್ರಿ! ವಾಂತಿ ಆದೀತು!"

"ನನಗೇನೂ ಆಗಂಗಿಲ್ಲ ಬಿಡ."

ಅತ್ತೆಯ ಹೊಟ್ಟೆ ಗಟ್ಟಿ ಎಂದುಕೊಂಡಳು ದಾಕ್ಷಾಯಿಣಿ. ಅಲ್ಲಿಗೆ ಆ ಮಾತು ಮುಗಿಯಿತು. ಇಲಿಯನ್ನು ಕೊನೆಗೆ ಸೀಟಿನ ಅಡಿಯಿಂದ ಕೋಲು ಹಾಕಿ ತೆಗೆದವಳೂ ಅತ್ತೆಯೇ.

ಗಾಡಿಯನ್ನು ಮನೆ ಮಾಡುವ ಹುಚ್ಚು ಅಣ್ಣಪ್ಪನಿಗೆ ಹತ್ತಿಸಿದ್ದು ಮೊಮ್ಮಗಳು. ಎಲ್ಲಿಯದೋ ದೇಶದ ಗಂಡಹೆಂಡತಿ ವ್ಯಾನಿನೊಳಗೇ ಅಡುಗೆ ಮಾಡಿಕೊಂಡು, ವ್ಯಾನಿನೊಳಗೇ ಮಲಗಿ, ಊರೂರು ತಿರುಗುವುದನ್ನು ಅವಳು ಮೊಬೈಲಿನಲ್ಲಿ ತೋರಿಸಿದ್ದಳು. ಅಣ್ಣಪ್ಪ ಅದನ್ನು ನಾಲ್ಕು ಸಲ ನೋಡಿದ. ಐದನೆಯ ಸಲ ಹೆಂಡತಿಯನ್ನು ಕೂರಿಸಿಕೊಂಡು ನೋಡಿದ. ಅವನ ಎದೆಯಲ್ಲಿ ಬಹಳ ದಿನದಿಂದ ಕೂತಿದ್ದ ಮುಳ್ಳು ಬೇರೆಯೇ ಇತ್ತು. ಅದೇ ಮಟಡೋರಿನಲ್ಲಿ ಅರ್ಧ ಮೂಡಲಗಿಯನ್ನು ಶ್ರೀಶೈಲಕ್ಕೆ, ಪಂಢರಪುರಕ್ಕೆ, ಗೋಕರ್ಣಕ್ಕೆ ಕರೆದುಕೊಂಡು ಹೋಗಿಬಂದವನು ಅವನು. ಊರ ಹೆಂಗಸರೆಲ್ಲ ಅವನ ಗಾಡಿಯಲ್ಲಿ ಹೋಗಿ ಶ್ರೀಶೈಲದ ಮಲ್ಲಯ್ಯನನ್ನು ನೋಡಿದ್ದರು. ಅವನ ಹೆಂಡತಿ ನೋಡಿರಲಿಲ್ಲ. ಆಗ ದನಕರು, ಮನೆ, ಮಗನ ಸಾಲಿ ಎಂದು ಬಿಟ್ಟುಹೋದದ್ದು. ಈಗ ದನವಿಲ್ಲ, ಬಿಡುವು ಬೇಕಾದಷ್ಟು ಇದೆ ಎನ್ನುವಾಗ ಅವಳ ನೇಮ ಅಡ್ಡ ಬಂದಿತ್ತು.

ಆ ನೇಮ ಕೊರೋನಾ ವರ್ಷದ್ದು. ಹದಿನೆಂಟು ದಿನ ಆಸ್ಪತ್ರೆಯಲ್ಲಿ ಮಲಗಿ ಎದ್ದುಬಂದ ಶಿವಗಂಗವ್ವ, ಎರಡು ತಿಂಗಳ ಮೇಲೆ ಒಂದು ಸೋಮವಾರ ಲಿಂಗಪೂಜೆ ಮುಗಿಸಿ, "ಇನ್ನ ಮ್ಯಾಲ ನನ್ನ ಕೈಲೆ ನಾನ ಮಾಡ್ಕೊಂಡು ಉಣ್ಣಾಕಿ. ಮಲ್ಲಯ್ಯಗ ಮಾತ ಕೊಟ್ಟೇನಿ," ಎಂದುಬಿಟ್ಟಳು. ಅಂದಿನಿಂದ ಬೇರೆಯವರ ಕೈಯ ಒಂದು ತುತ್ತನ್ನೂ ಅವಳು ಬಾಯಿಗಿಡಲಿಲ್ಲ. ಮದುವೆಗೆ ಹೋದರೆ ಉಪವಾಸ ಬರುವಳು. ಮನೆಯಲ್ಲಿ ದಾಕ್ಷಾಯಿಣಿ ಎಲ್ಲರಿಗೂ ರೊಟ್ಟಿ ಬಡಿದು, ಪಲ್ಯ ಮಾಡಿ ಕೆಳಗಿಳಿಸಿದ ಮೇಲೆ, ಅತ್ತೆ ಅದೇ ಒಲೆಯ ಮುಂದೆ ನಿಂತು ತನ್ನ ಪುಟ್ಟ ಬೋಗುಣಿಯಲ್ಲಿ ತನಗಷ್ಟು ಬೇಯಿಸಿಕೊಳ್ಳುವಳು. ಊರವರು ಕೈ ಮುಗಿದರು. ದಾಕ್ಷಾಯಿಣಿ ಮಾತ್ರ ಆ ಬೋಗುಣಿ ಕಂಡರೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಮದುವೆಯಾಗಿ ಬಂದಾಗ ಈ ಅತ್ತೆಯೇ ತನ್ನ ಕೈಯ ಝುಣಕವನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡವಳು. ದೇವರಿಗೆ ಕೊಟ್ಟ ಮಾತಿನೊಳಗೆ ತನ್ನ ಮೇಲಿನ ಅಸಮಾಧಾನವೇನಾದರೂ ಸೇರಿದೆಯೋ ಎಂದು ಅವಳು ನಾಲ್ಕು ವರ್ಷದಿಂದ ಯೋಚಿಸುತ್ತಲೇ ಇದ್ದಳು.

ಅಂತೂ ಅಣ್ಣಪ್ಪ ದಾರಿ ಕಂಡುಕೊಂಡಿದ್ದ. ಹೆಂಡತಿ ಒಲೆ ಬಿಟ್ಟು ಬರುವುದಿಲ್ಲವೆಂದರೆ ಒಲೆಯನ್ನೇ ಜೊತೆಗೆ ಕಟ್ಟಿಕೊಂಡು ಹೋದರಾಯಿತು.

ಮಗ ಬಾಳೇಶ ನಿಡಸೋಸಿಯ ಕಾಲೇಜಿನಲ್ಲಿ ವರ್ಕ್‌ಶಾಪಿನ ಕೆಲಸದವನು. ಅಲ್ಲೇ ಕೋಣೆ ಮಾಡಿಕೊಂಡು ಶನಿವಾರ ಸಂಜೆ ಮನೆಗೆ ಬರುತ್ತಿದ್ದ. ಆ ಭಾನುವಾರ ಊಟಕ್ಕೆ ಕೂತಾಗ ತಂದೆ ಮಗನಿಗೆ ಹತ್ತಿಕೊಂಡಿತು.

"ನಲವತ್ತ ವರ್ಷದ ಗಾಡಿ ಅಪ್ಪಾ ಅದು. ಕಬ್ಬಿಣದ ತೂಕಕ್ಕ ಮೋಡಕಾದವನಿಗೆ ಹಾಕೂದ ಬಿಟ್ಟು..."

"ನಿನಗ ನಲವತ್ತಾಗಾಕ ಇನ್ನ ಮೂರ ವರ್ಷ ಐತಿ. ನಿನ್ನನೂ ಮೋಡಕಾದವನಿಗೆ ಹಾಕಲೇನು?"

ಅರ್ಚನಾ ಕಿಸಕ್ಕನೆ ನಕ್ಕಳು. ಬಾಳೇಶ ರೊಟ್ಟಿ ಕೆಳಗಿಟ್ಟ. "ಆರ್‌ಟಿಓದಾಗ ಪಾಸಿಂಗ್ ಆಗಬೇಕಲ್ಲ?"

"ಮಾಡಸ್ತೇನಿ."

"ನಿಮಗ ಅರವತ್ತೆಂಟು. ಶ್ರೀಶೈಲ ಏನ್ ಇಲ್ಲೇ ಗೋಕಾಕದ ಬಾಜೂಕ ಐತೇನು?"

"ಲೈಸೆನ್ಸ್ ಐತಿ, ಕಣ್ಣ ಅದಾವು, ಕೈ ಅದಾವು. ನಿಮ್ಮವ್ವ ಒಂದ ಸಲ ಮಲ್ಲಯ್ಯನ ನೋಡಿದ್ಲಂದ್ರ ಆ ಮ್ಯಾಲ ಗಾಡೀನ ನೀ ಏನರ ಮಾಡ್ಕೋ."

ಶಿವಗಂಗವ್ವ ಒಲೆಯ ಮುಂದೆ ತನ್ನ ಬೋಗುಣಿ ತಿರುವುತ್ತಿದ್ದಳು. ತಲೆ ಎತ್ತದೆ ಅಂದಳು: "ನಾ ಹೋಗಬೇಕ ಬಾಳೇಶ. ಮಲ್ಲಯ್ಯನ ಹಂತ್ಯಾಕ ನಂದೊಂದ ಕೆಲಸಾ ಐತಿ."

ತಾಯಿ ಬಾಯಿ ಬಿಟ್ಟು ಬೇಕು ಎಂದದ್ದನ್ನು ಬಾಳೇಶ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವನು ಕೆಳಗಿಟ್ಟ ರೊಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡ.

ದಾಕ್ಷಾಯಿಣಿಗೆ ಮಾತ್ರ ಆ ಹೊತ್ತಿನಿಂದ ಅನ್ನ ಸೇರಲಿಲ್ಲ. ಅದಕ್ಕೆ ಕಾರಣವಿತ್ತು, ಮತ್ತು ಅದನ್ನು ಅವಳು ಯಾರ ಮುಂದೂ ಹೇಳುವಂತಿರಲಿಲ್ಲ.

ಸಂಕ್ರಾಂತಿಯಾದ ಮರುವಾರ ಅವಳು ಮಾಳಿಗೆಯಿಂದ ಒಣಗಿದ ಬಟ್ಟೆ ಹೊತ್ತು ಇಳಿದು ಬಂದಾಗ ಅಡುಗೆಮನೆಯ ಹೊಸ್ತಿಲಲ್ಲೇ ಗ್ಯಾಸಿನ ವಾಸನೆ ಮೂಗಿಗೆ ರಪ್ಪನೆ ಹೊಡೆಯಿತು. ಹಾಲು ಉಕ್ಕಿ ಒಲೆ ಆರಿಹೋಗಿತ್ತು. ಬಟನ್ ಪೂರಾ ತೆರೆದೇ ಇತ್ತು. ಅತ್ತೆ ಒಲೆಯಿಂದ ಒಂದು ಮಾರು ದೂರದಲ್ಲಿ ಕೂತು ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು. ದಾಕ್ಷಾಯಿಣಿ ಬಟ್ಟೆ ಎಸೆದು ಬಟನ್ ತಿರುವಿ, ಕಿಟಕಿ ತೆರೆದು, "ಅತ್ತಿ! ಗ್ಯಾಸ್ ಬಂದ್ ಮಾಡೂದು ಮರತಿರೇನ್ರಿ?" ಎಂದಾಗ ಶಿವಗಂಗವ್ವನ ಮುಖ ಬಿಳಿಚಿಕೊಂಡಿತು.

"ಬಾಳೇಶಗ ಹೇಳಬ್ಯಾಡವ್ವ. ಅವರಪ್ಪಗೂ ಹೇಳಬ್ಯಾಡ. ನನ್ನ ಆಣಿ ಐತಿ ನೋಡು. ಹೇಳಿದ್ರ ನನ್ನ ಒಲಿ ಕಸಗೋತಾರ."

ದಾಕ್ಷಾಯಿಣಿ ಹೇಳಲಿಲ್ಲ. ಶಿವರಾತ್ರಿಯ ಹಿಂದಿನ ವಾರ ಎರಡನೆಯ ಸಲವೂ ಹಾಗೇ ಆಯಿತು, ಆಗಲೂ ಹೇಳಲಿಲ್ಲ. ಅತ್ತೆಗೆ ಮರೆವು ಶುರುವಾಗಿದೆ ಎಂದು ತಿಳಿದಳು. ಮನೆಯಲ್ಲಿದ್ದಾಗ ತಾನು ಕಾಯಬಹುದು; ಹೊಲಿಗೆ ಮಷೀನನ್ನು ನಡುಮನೆಯಿಂದ ಎತ್ತಿ ಅಡುಗೆಮನೆಯ ಬಾಗಿಲಿಗೇ ತಂದು ಹಾಕಿಕೊಂಡಳು. ಅಲ್ಲೇ ಗಿರಾಕಿಗಳ ಬ್ಲೌಸು ಹೊಲಿಯುತ್ತ ತಾಸಿಗೆ ನಾಲ್ಕು ಸಲ ಎದ್ದು ಬಟನ್ ನೋಡಿಬರುತ್ತಿದ್ದಳು. ಆದರೆ ನಾಲ್ಕು ಕಡೆ ಕಬ್ಬಿಣದ ಪತ್ರೆ ಹೊಡೆದ ಗಾಡಿಯೊಳಗೆ, ಶ್ರೀಶೈಲದ ದಾರಿಯಲ್ಲಿ, ಕಾಯುವವರು ಯಾರು? ಹೇಳಿಬಿಡೋಣವೆಂದರೆ ಅತ್ತೆಯ ಆಣೆ. ಆಣೆ ಮುರಿದರೂ ಕೇಳುವ ಕಿವಿಗೆ ಅದು ಬೇರೆಯೇ ಕೇಳಿಸುತ್ತದೆ. ಅತ್ತೆ ಒಲೆ ಮುಟ್ಟಬಾರದು ಎಂದು ಸೊಸೆ ಹೇಳಿದರೆ ಯಾವ ಮನೆಯಲ್ಲಿ ಯಾರು ನಂಬುತ್ತಾರೆ?

ಗಾಡಿಯನ್ನು ಗೋಕಾಕದ ಸೋಮಲಿಂಗನ ವೆಲ್ಡಿಂಗ್ ಅಂಗಡಿಗೆ ಎಳೆಸಿಕೊಂಡು ಹೋದರು. ಸೋಮಲಿಂಗ ಅಣ್ಣಪ್ಪನ ಹಳೆಯ ಗೆಳೆಯ, ಇಂಜಿನ್ನಿನ ಕೆಮ್ಮು ಕೇಳಿಯೇ ರೋಗ ಹೇಳುವವನು. ತುಕ್ಕು ಹಿಡಿದ ತಳ ಕತ್ತರಿಸಿ ಹೊಸ ಪತ್ರೆ ಕೂರಿಸಿದ, ಹಿಂದಿನ ಸೀಟು ಕಿತ್ತು ಪ್ಲೈವುಡ್ಡಿನ ಮಂಚ ಮಾಡಿದ, ತಲೆಯ ಮೇಲೆ ನೀರಿನ ಟಾಕಿ ಬಿಗಿದ. ಧೂಳು ಬರಬಾರದೆಂದು ಅಣ್ಣಪ್ಪ ಕಿಟಕಿಬಾಗಿಲಿನ ಸಂದುಸಂದಿಗೂ ರಬ್ಬರ್ ಪಟ್ಟಿ ಹಚ್ಚಿಸಿದ. ಪರದೆ, ಗಾದಿಯ ಕವರು ಎಲ್ಲ ಹೊಲಿಯುವ ಕೆಲಸ ದಾಕ್ಷಾಯಿಣಿಯದು. ಬೇಡವೆನ್ನಲು ಬಾಯಿಲ್ಲದವಳು ಅಳತೆಗೆಂದು ಮಾವನ ಜೊತೆ ಬಸ್ಸು ಹತ್ತಿ ಗೋಕಾಕಕ್ಕೆ ಹೋದಳು. ಹೋದವಳು ಪರದೆಯ ಅಳತೆಗಿಂತ ಮೊದಲು ಸಿಲಿಂಡರಿನ ಜಾಗ ನೋಡಿದಳು. ದೇವರ ಜಗಲಿಯ ಕೆಳಗೆ, ಮಂಚದ ಕಾಲಿನ ಪಕ್ಕ, ಪುಟ್ಟ ಸಿಲಿಂಡರಿಗೆ ಗೂಡು ಮಾಡಿದ್ದರು.

"ಸೋಮಲಿಂಗಣ್ಣಾರ, ಇದನ್ನ ಹೊರಗ ಇಡಾಕ ಬರಂಗಿಲ್ಲೇನ್ರಿ? ಹಿಂದ ಒಂದ ಪೆಟ್ಟಿಗಿ ಮಾಡಿ?"

"ಯಾಕ ಬರಂಗಿಲ್ಲ ತಂಗಿ? ಹಂಗ ಮಾಡೂದ ಚಲೋ."

"ಏನ್ ಚಲೋ?" ಅಣ್ಣಪ್ಪ ಗಾಡಿಯ ಅಡಿಯಿಂದಲೇ ಕೂಗಿದ. "ಹೊರಗಿದ್ರ ದಾರ್ಯಾಗ ಯಾರರ ಬಿಚ್ಚಗೊಂಡ ಹೋಗ್ತಾರ. ಒಳಗ ಇರಲಿ."

"ಮಾವಾರ, ಗ್ಯಾಸ್ ಸೋರಿ ವಾಸನಿ ಬಂತಂದ್ರ..."

"ಬಂದ್ರ ಬಂದ್ ಮಾಡ್ತಾಳ. ನಲವತ್ತೈದ ವರ್ಷ ಒಲಿ ಮುಂದ ಕುಂತಾಕಿ ಅಕಿ. ಅಕಿಗೆ ನೀ ಕಲಸ್ತಿ ಏನು?" ತಳದಿಂದ ತಲೆ ಹೊರಗೆ ಹಾಕಿ ಸೊಸೆಯನ್ನು ದಿಟ್ಟಿಸಿದ. "ಖರೆ ಹೇಳು. ಬಾಳೇಶ ಹೇಳಿಕೊಟ್ಟ ಕಳಿಸ್ಯಾನ ಹೌದಿಲ್ಲೋ?"

ದಾಕ್ಷಾಯಿಣಿ ಟೇಪು ಹಿಡಿದು ಕಿಟಕಿ ಅಳೆದಳು. ತಾನೇ ಹೊಲಿಯಲಿರುವ ದಪ್ಪ ಪರದೆ ಗಾಳಿ ಆಡುವ ಕೊನೆಯ ಸಂದನ್ನೂ ಮುಚ್ಚುತ್ತದಲ್ಲ ಎಂಬುದು ಆಮೇಲೆ ಬಸ್ಸಿನಲ್ಲಿ ಹೊಳೆಯಿತು.

ಯುಗಾದಿಯ ಹೊತ್ತಿಗೆ ಗಾಡಿ ಆಕಾಶದ ಬಣ್ಣ ಬಳಿದುಕೊಂಡು ಮನೆಗೆ ಬಂತು. ನೋಡಲು ಓಣಿಯೇ ನೆರೆಯಿತು. ಶಿವಗಂಗವ್ವ ತನ್ನ ಬೋಗುಣಿ, ಲಟ್ಟಣಿಗೆ, ಖಾರದ ಡಬ್ಬಿ, ಹಿಟ್ಟಿನ ಡಬ್ಬಿಗಳನ್ನು ಒಂದೊಂದಾಗಿ ಒಳಗೆ ಜೋಡಿಸಿದಳು. ಅವಳ ಮುಖದಲ್ಲಿ ಅಂಥ ಕಳೆಯನ್ನು ದಾಕ್ಷಾಯಿಣಿ ಎಂದೂ ನೋಡಿರಲಿಲ್ಲ. ಅದನ್ನು ಕಂಡು ಅವಳಿಗೆ ಸಂತೋಷವೂ ಆಯಿತು, ತನ್ನ ಬಾಯಿ ಇನ್ನಷ್ಟು ಕಟ್ಟಿದಂತೆಯೂ ಆಯಿತು.

ಅದೇ ಸಂಜೆ ಅರ್ಚನಾ ಕುಣಿಯುತ್ತ ಬಂದಳು. "ಯವ್ವಾ, ನಾನೂ ಹೊಂಟೇನಿ! ಸೂಟಿ ಬಿಟ್ಟ ಮ್ಯಾಲ ಹೋಗೂದಂತ. ಮುತ್ಯಾ ಹೇಳ್ಯಾನ. ನಾ ಆಯಿ ಬಾಜೂಕ ಮಲಗಾಕಿ!"

ದಾಕ್ಷಾಯಿಣಿಯ ಕೈಯಲ್ಲಿದ್ದ ರೊಟ್ಟಿ ಹೆಂಚಿನ ಮೇಲೆ ಮಡಚಿ ಬಿತ್ತು.

ಮರುದಿನ ಅವಳು ಮಾಳಿಗೆ ಹತ್ತಿ ಗಂಡನಿಗೆ ಫೋನು ಮಾಡಿದಳು. "ಏನ್ರಿ, ಅರ್ಚನಾನ್ನ ಶ್ರೀಶೈಲಕ ಕಳಸೂದ ಬ್ಯಾಡ."

"ಯಾಕ?"

"ಬ್ಯಾಡ ಅಷ್ಟ."

"ಅಷ್ಟ ಅಂದ್ರ ಹೆಂಗ? ನಾನ ಮೊದಲ ಬ್ಯಾಡಂದಾಂವ. ಈಗ ಅವ್ವನ ಮಾರಿ ನೋಡಿ ಸುಮ್ನಾಗೇನಿ. ಅವ್ವನ ಕೂಡ ಏನರ ಜಗಳಾ ಆತೇನು?"

ನಾಲಿಗೆಯ ತುದಿಗೆ ಬಂದಿತ್ತು. ಕೆಳಗೆ ಹಿತ್ತಲಿನಲ್ಲಿ ಶಿವಗಂಗವ್ವ ಗಾಡಿಯ ಮೆಟ್ಟಿಲಿಗೆ ಸುಣ್ಣದ ರಂಗೋಲಿ ಎಳೆಯುತ್ತಿದ್ದಳು.

"ಜಗಳಾ ಏನಿಲ್ಲ ಬಿಡ್ರಿ," ಎಂದಳು ದಾಕ್ಷಾಯಿಣಿ. "ಮೊದಲ ಒಂದ ಸಣ್ಣ ಸುತ್ತ ಹೊಡದ ನೋಡೂಣಂತ. ನಿಮ್ಮ ನಿಡಸೋಸಿ ತನಕ. ಒಂದ ರಾತ್ರಿ ಇದ್ದ ಬರೂದು. ನಾನೂ ಬರ್ತೇನಿ. ಗಾಡಿ ಹೆಂಗ ಓಡತೈತಿ ತಿಳೀತೈತಿ."

ಹೆಂಡತಿಯ ಬುದ್ಧಿವಂತಿಕೆಯನ್ನು ಬಾಳೇಶ ಮೆಚ್ಚಿಕೊಂಡ. ಅಣ್ಣಪ್ಪನೂ ಒಪ್ಪಿದ. ಒಂದು ಸುತ್ತಿನಲ್ಲಿ ಏನಾದರೊಂದು ಕೆಟ್ಟು ಗಾಡಿ ಅಲ್ಲೇ ನಿಂತುಬಿಡಲಿ ಎಂದು ದಾಕ್ಷಾಯಿಣಿ ಒಳಗೊಳಗೇ ಬೇಡಿಕೊಂಡದ್ದು ಯಾರಿಗೂ ಗೊತ್ತಾಗಲಿಲ್ಲ.

ಗಾಡಿ ನಿಲ್ಲಲಿಲ್ಲ. ಹಾಳಾದ್ದು ಹೊಸ ಮದುಮಗನಂತೆ ಓಡಿತು. ಗೋಕಾಕ ದಾಟಿ ಘಟಪ್ರಭೆಯ ಸೇತುವೆಯ ಮೇಲೆ ಅಣ್ಣಪ್ಪ ಹಾರ್ನ್ ಹೊಡೆದ, ಸುಮ್ಮನೆ, ಖುಷಿಗೆ. ಹುಕ್ಕೇರಿಯ ಸಂತೆಯಲ್ಲಿ ಇಳಿದು ಬದನೆಕಾಯಿ, ಹಸಿಮೆಣಸಿನಕಾಯಿ, ಕರಿಬೇವು ಕೊಂಡರು. ಉಳಿದವರು ಚಹಾ ಕುಡಿಯಲು, ಅತ್ತೆ ಕಾಲಾಡಿಸಲು ಇಳಿದಾಗ ದಾಕ್ಷಾಯಿಣಿ ಹಿಂದುಳಿದು ರೆಗ್ಯುಲೇಟರ್ ಮುಟ್ಟಿ ನೋಡಿದಳು. ಐದು ನಿಮಿಷ ಕಳೆದು ಮತ್ತೊಮ್ಮೆ ಬಂದು ನೋಡಿದಳು.

"ಏನ್ ಹುಡುಕಾಕತ್ತಿ ದಾಕ್ಷವ್ವ?" ಅತ್ತೆ ಬಾಗಿಲಲ್ಲಿ ನಿಂತಿದ್ದಳು.

"ಏನಿಲ್ರಿ. ಚಪ್ಪಲಿ."

ಶಿವಗಂಗವ್ವ ಅವಳ ಕಾಲಿನ ಚಪ್ಪಲಿಯನ್ನೂ, ಅವಳ ಮುಖವನ್ನೂ ನೋಡಿದಳು. 

ನಿಡಸೋಸಿಯಲ್ಲಿ ಬಾಳೇಶನ ಕೋಣೆಯ ಎದುರಿಗೇ ಒಂದು ಖಾಲಿ ಜಾಗ, ಅಲ್ಲೊಂದು ಆಲದ ಮರ. ಅದರ ಕೆಳಗೆ ಗಾಡಿ ನಿಲ್ಲಿಸಿದರು. ರಾತ್ರಿ ಅತ್ತೆಮಾವ ಗಾಡಿಯಲ್ಲಿ ಮಲಗಿದರು. ದಾಕ್ಷಾಯಿಣಿ ರೆಗ್ಯುಲೇಟರ್ ಬಂದ್ ಮಾಡಿ, ಅತ್ತು ರಂಪ ಮಾಡಿದ ಅರ್ಚನಾಳನ್ನು ಎಳೆದುಕೊಂಡು ಗಂಡನ ಕೋಣೆಗೆ ಬಂದು ಮಲಗಿದಳು.

ಬೆಳಗ್ಗೆ ಎಚ್ಚರವಾದಾಗ ಬಿಸಿಲು ಕಿಟಕಿಗೆ ಬಂದಿತ್ತು. ಪಕ್ಕದಲ್ಲಿ ಮಗಳಿರಲಿಲ್ಲ.

ದಾಕ್ಷಾಯಿಣಿ ಬರಿಗಾಲಲ್ಲೇ ಓಡಿದಳು. ಗಾಡಿಯ ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಪರದೆ ಎಳೆದಿತ್ತು. ಅತ್ತೆ ಪೂಜೆಗೆ ಕೂರುವ ಹೊತ್ತು. ದೂರದ ನಲ್ಲಿಯ ಹತ್ತಿರ ಮಾವ ಕೊಡ ಹಿಡಿದು ಯಾರ ಜೊತೆಗೋ ಮಾತಾಡುತ್ತ ನಿಂತಿದ್ದ. ಬಾಗಿಲನ್ನು ಅರ್ಧ ಸರಿಸಿದಳೋ ಇಲ್ಲವೋ, ಒಳಗಿನ ಗ್ಯಾಸು ಮುಖಕ್ಕೆ ಬಡಿಯಿತು.

ಮಂಚದ ಮೇಲೆ ಅರ್ಚನಾ ಕಾಲು ಇಳಿಬಿಟ್ಟು, ಫ್ರಾಕಿನಿಂದ ಮೂಗು ಮುಚ್ಚಿಕೊಂಡು ಕೂತಿದ್ದಳು. "ಆಯಿ, ಏನೋ ನಾರಾಕತ್ತೈತಿ," ಎನ್ನುತ್ತಿದ್ದಳು. ಶಿವಗಂಗವ್ವ ಮಿಂದು ಮಡಿಯುಟ್ಟು, ಹಣೆಗೆ ವಿಭೂತಿ ಹಚ್ಚಿ, ಜಗಲಿಯ ಮುಂದೆ ಕೂತಿದ್ದಳು. ದೀಪಕ್ಕೆ ಎಣ್ಣೆ ಬತ್ತಿ ಹಾಕಿ ಆಗಿತ್ತು. ಒಂದು ಕೈಯಲ್ಲಿ ಕಡ್ಡಿಪೆಟ್ಟಿಗೆ, ಇನ್ನೊಂದರಲ್ಲಿ ಕಡ್ಡಿ.

ದಾಕ್ಷಾಯಿಣಿ ಕೂಗಲೂ ಇಲ್ಲ. ಒಳಗೆ ನುಗ್ಗಿ ಅತ್ತೆಯ ಕೈಯ ಮೇಲೆ ಹೊಡೆದಳು. ಕಡ್ಡಿಪೆಟ್ಟಿಗೆ ಹೊರಗೆ ಹಾರಿಬಿತ್ತು. ಮಗಳ ರಟ್ಟೆ ಹಿಡಿದು ಹೊರಗೆ ನೂಕಿದಳು, ಅತ್ತೆಯನ್ನು ತೋಳಲ್ಲಿ ಎತ್ತಿಕೊಂಡಂತೆ ಇಳಿಸಿದಳು, ಮತ್ತೆ ಒಳಗೆ ಹೋಗಿ ಬಟನ್ ತಿರುವಿ, ರೆಗ್ಯುಲೇಟರ್ ಕಿತ್ತು, ತಾನೇ ಹೊಲಿದ ಪರದೆಗಳನ್ನು ಪರಪರ ಹರಿದು ಕಿಟಕಿಗಳನ್ನೆಲ್ಲ ತೆರೆದಳು. ಆಮೇಲೆ ಆಲದ ಬೇರಿನ ಮೇಲೆ ಕೂತು ಮಗಳನ್ನು ಮಡಿಲಿಗೆ ಎಳೆದುಕೊಂಡಳು.

ಬಾಳೇಶ ಬನಿಯನ್ನಿನಲ್ಲೇ ಓಡಿಬಂದ. ಅಣ್ಣಪ್ಪ ತುಂಬಿದ ಕೊಡ ಅಲ್ಲೇ ಬಿಟ್ಟು ಬಂದ.

"ಅತ್ತೀ ಮ್ಯಾಲ ಕೈ ಮಾಡಿದೇನ?" ಅಣ್ಣಪ್ಪನ ಕಣ್ಣು ಕೆಂಪಾಗಿತ್ತು.

"ಮಾಡಿದ್ನಿರಿ!" ದಾಕ್ಷಾಯಿಣಿ ಕಿರುಚಿದಳು. ಮೂರು ತಿಂಗಳು ನುಂಗಿದ್ದೆಲ್ಲ ಒಂದೇ ಸಲಕ್ಕೆ ಹೊರಬಿತ್ತು. "ಗ್ಯಾಸ್ ಬಿಟ್ಟು ಕಡ್ಡಿ ಕೊರ್ಯಾಕತ್ತಿದ್ರು. ನನ್ನ ಮಗಳು ಅಲ್ಲೇ ಕುಂತಿದ್ಲು. ಇದ ಮೊದಲಲ್ರಿ ಮಾವಾರ, ಮನ್ಯಾಗೂ ಎರಡ ಸಲ ಹಿಂಗ ಮಾಡ್ಯಾರ. ಆಣಿ ಹಾಕಿದ್ರಂತ ಬಾಯಿ ಮುಚ್ಚಗೊಂಡಿದ್ನಿ. ಇವರಿಗೆ ಮರವಾಗೇತಿ!"

"ಎರಡ ಸಲ?" ಬಾಳೇಶ ಹೆಂಡತಿಯತ್ತ ತಿರುಗಿದ. "ಮತ್ತ ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನಂಬತಿದ್ರೇನ್ರಿ? ಅವ್ವನ ಕೂಡ ಜಗಳಾ ಆತೇನು ಅಂತ ಕೇಳಿದವರು ನೀವ ಅಲ್ಲೇನು?"

 ಆಗ ಅಣ್ಣಪ್ಪ ಮೆಲ್ಲಗೆ, ತಪ್ಪು ಮಾಡಿದ ಹುಡುಗನಂತೆ, ಬಾಯಿ ತೆರೆದ.

"ಇವತ್ತ ಅಕಿ ಅಲ್ಲ. ನಾ ಒಲಿ ಹಚ್ಚಿದ್ನಿ. ಜಳಕಕ್ಕ ನೀರ ಕಾಸಿ ಕೊಟ್ಟು, ಇನ್ನೊಂದೀಟು ಕಾಯಲಿ ಅಂತ ಬೋಗುಣಿ ತುಂಬ ಇಟ್ಟ, ನಲ್ಲಿಗೆ ಹೋದ್ನಿ. ಉಕ್ಕಿ ಆರಿರಬೇಕು."

ಹುಟ್ಟಿದಾಗಿನಿಂದ ಒಲೆ ಮುಟ್ಟದ ಗಂಡಸು ಹೆಂಡತಿಗೆ ನೀರು ಕಾಯಿಸಿ ಕೊಟ್ಟಿದ್ದ. ಬೇರೆ ದಿನವಾಗಿದ್ದರೆ ಓಣಿಯೆಲ್ಲ ನಗುವಂಥ ಸುದ್ದಿ. ಯಾರೂ ನಗಲಿಲ್ಲ.

ಬಾಳೇಶ ತಾಯಿಯ ಎದುರು ಕುಕ್ಕರುಗಾಲಲ್ಲಿ ಕೂತ. "ಅವ್ವಾ, ಉಕ್ಕೂದು ಯಾರ ಕೈಲೆ ಆದ್ರೂ ಉಕ್ಕತೈತಿ. ಆದ್ರ ನೀ ಅದರ ಬಾಜೂಕ ಕುಂತಿದ್ದಿ. ಅಷ್ಟು ಗ್ಯಾಸ್ ತುಂಬೇತಿ, ಕೂಸಿಗೆ ಗೊತ್ತಾಗೇತಿ. ನಿನಗ ವಾಸನಿ ಬರಲಿಲ್ಲೇನು?"

ಶಿವಗಂಗವ್ವ ಹೊಡೆತ ಬಿದ್ದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಇಲ್ಲ," ಎಂದಳು.

"ಏನ್ ಇಲ್ಲ?"

"ಯಾವ ವಾಸನಿನೂ ಬರಂಗಿಲ್ಲ. ಆ ಜಡ್ಡ ಬಂದು ಹೋದಾಗಿಂದ ಇಲ್ಲ. ಮಲ್ಲಿಗಿ ಇಲ್ಲ, ಸಗಣಿ ಇಲ್ಲ, ಈ ಕೂಸಿನ ತಲಿ ವಾಸನಿ ಇಲ್ಲ. ಉಪ್ಪು, ಖಾರ, ಸಿಹಿ ಇಷ್ಟ ತಿಳೀತೈತಿ. ಉಳದದ್ದೆಲ್ಲಾ ಬಾಯಾಗ ಮಣ್ಣ ಹಾಕ್ಕೊಂಡಂಗ."

ಸತ್ತ ಇಲಿಯ ನಾತದ ನಡುವೆ ಗೇಣು ಹಾಕುತ್ತಿದ್ದ ಅತ್ತೆ ದಾಕ್ಷಾಯಿಣಿಯ ಕಣ್ಣ ಮುಂದೆ ಬಂದಳು. 

"ಯಾರಿಗೂ ಹೇಳಲಿಲ್ಲಲ್ಲ ನೀ," ಎಂದ ಅಣ್ಣಪ್ಪ.

"ಇವತ್ತ ಬರತೈತಿ, ನಾಳಿ ಬರತೈತಿ ಅಂತ ಕಾದ್ನಿ. ಈಕಿ ದಿನಾ ತಾಟ ಮುಂದಿಟ್ಟು, ಹೆಂಗಾಗೇತ್ರಿ ಅತ್ತಿ ಅಂತ ಕೇಳತಿದ್ಲು. ನಾ ಏನ್ ಹೇಳ್ಲಿ? ಚಲೋ ಆಗೇತಿ, ಚಲೋ ಆಗೇತಿ ಅಂತ ಎರಡ ತಿಂಗಳಾ ಸುಳ್ಳ ಹೇಳಿದ್ನಿ. ಅಡಿಗಿ ಮಾಡಾಕಿಗೆ ಮೂಗ ಇಲ್ಲಂದ್ರ ಒಲಿ ಮುಂದ ನಿಂದರಾಕ ಬಿಡ್ತಿದ್ರೇನು? ಒಲಿ ಬಿಟ್ಟ ಕುಂತ್ರ ನಾ ಯಾರ ಆ ಮನ್ಯಾಗ? ಅದಕ್ಕ ನಾನ ಮಾಡ್ಕೊಂಡ ಉಂಡ್ರ ಯಾರೂ ಕೇಳಂಗಿಲ್ಲಂತ ಮಲ್ಲಯ್ಯನ ಹೆಸರ ಹೇಳಿದ್ನಿ."

"ಅಂದ್ರ ನೇಮ..." ಎಂದಳು ದಾಕ್ಷಾಯಿಣಿ.

"ನೇಮ ಇರಲಿಲ್ಲ. ನಾಚಿಕಿ ಇತ್ತು." ಅವಳ ಕಣ್ಣು ತುಂಬಿದವು. "ನಾಕ ವರ್ಷ ದೇವರ ಹೆಸರಿಲೆ ಸುಳ್ಳ ಉಂಡೇನಿ. ತಪ್ಪಾತು ಅಂತ ಅವನ ಮುಂದ ಹೋಗಿ ಹೇಳಬೇಕಂತ ಹೊಂಟಿದ್ನಿ. ದಾರ್ಯಾಗ ಕೂಸಿನ್ನ ಸುಡತಿದ್ನಲ್ಲ."

 ಅಣ್ಣಪ್ಪ ಎದ್ದು ಗಾಡಿಯ ಸುತ್ತ ಒಂದು ಸುತ್ತು ಬಂದ. ರಬ್ಬರ್ ಪಟ್ಟಿ ಹಚ್ಚಿದ ಕಿಟಕಿ, ತಲೆಯ ಮೇಲಿನ ಟಾಕಿ, ಹೆಂಡತಿಯ ಗೇಣಿನ ಲೆಕ್ಕಕ್ಕೆ ಕೂರಿಸಿದ ಒಲೆಕಟ್ಟೆ, ಎಲ್ಲವನ್ನೂ ನೋಡಿ ಸೊಂಟಕ್ಕೆ ಕೈ ಕೊಟ್ಟು ನಿಂತ.

"ಹಂಗಾದ್ರ," ಎಂದ, "ಒಂದ ತಿಂಗಳಾ ಈ ಅಡಿಗಿಮನಿ ನಾ ಯಾಕ ಕಟ್ಟಿದ್ನಿ?"

ಮೊದಲು ನಕ್ಕವನು ಬಾಳೇಶ. ಆಮೇಲೆ ಅಳುತ್ತಲೇ ಶಿವಗಂಗವ್ವ. ಅರ್ಚನಾಳಿಗೆ ಏನೂ ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕಳು. ದಾಕ್ಷಾಯಿಣಿ ನಗಲಿಲ್ಲ. ಎದ್ದು ಬಂದು ಅತ್ತೆಯ ಕೈ ಹಿಡಿದು ನೋಡಿದಳು. ಮಣಿಕಟ್ಟಿನ ಹತ್ತಿರ ಕೆಂಪು ಬರೆ ಎದ್ದಿತ್ತು.

"ಭಾಳ ಬಿತ್ತೇನ್ರಿ ಅತ್ತಿ?"

"ಬೀಳಬೇಕಾದಷ್ಟ ಬಿದ್ದೈತಿ ಬಿಡ." ಸೊಸೆಯ ಕೈಯನ್ನು ಅವಳು ಬಿಡಲಿಲ್ಲ. "ಹಸಿವಿ ಆಗೇತಿ ದಾಕ್ಷವ್ವ."

ಬಾಳೇಶ ಒಲೆಯನ್ನೂ ಸಿಲಿಂಡರನ್ನೂ ಕೆಳಗಿಳಿಸಿ, ಪೈಪು ಪರೀಕ್ಷಿಸಿ, ಆಲದ ಬುಡದ ಚಪ್ಪಟೆ ಕಲ್ಲಿನ ಮೇಲೆ ಹೂಡಿದ. ಸಿಲಿಂಡರಿಗೆ ಗಾಡಿಯ ಹಿಂದೆ ಬೀಗದ ಪೆಟ್ಟಿಗೆ ತಾನೇ ಮಾಡಿಕೊಡುತ್ತೇನೆ, ಅಡುಗೆ ಏನಿದ್ದರೂ ಹೊರಗೆ ಎಂದ. ಅಣ್ಣಪ್ಪ ತಕರಾರು ಮಾಡಲಿಲ್ಲ. ಶ್ರೀಶೈಲಕ್ಕೆ ಐದೂ ಜನ ಹೋಗುವುದು, ಮಂಚ ಸಾಲದಿದ್ದರೆ ಗಂಡಸರು ಹೊರಗೆ ಮಲಗುವುದು ಎಂದು ಅರ್ಚನಾ ತೀರ್ಮಾನ ಮಾಡಿದಳು. ಅದಕ್ಕೂ ಯಾರೂ ತಕರಾರು ಮಾಡಲಿಲ್ಲ.

ಶಿವಗಂಗವ್ವ ಲಿಂಗಪೂಜೆ ಮುಗಿಸಿ ಬರುವಷ್ಟರಲ್ಲಿ ದಾಕ್ಷಾಯಿಣಿ ರವೆ ಹುರಿದು ಒಗ್ಗರಣೆ ಹಾಕಿದ್ದಳು. ಅತ್ತೆಯ ಅದೇ ಪುಟ್ಟ ಬೋಗುಣಿ ಸಾಲದೆ ಬಾಳೇಶನ ದೊಡ್ಡ ಪಾತ್ರೆಯಲ್ಲಿ ಎಲ್ಲರಿಗೂ ಸೇರಿಸಿ ಉಪ್ಪಿಟ್ಟು ತಿರುವಿದಳು. ಮೊದಲ ತಾಟನ್ನು ಅತ್ತೆಯ ಮುಂದಿಟ್ಟಳು. ಶಿವಗಂಗವ್ವ ತಾಟಿಗೆ ಕೈ ಮುಗಿದು ತುತ್ತು ಎತ್ತಿದಳು.

"ಹೆಂಗಾಗೇತ್ರಿ ಅತ್ತಿ?"

ಹಳೆಯ ರೂಢಿ, ಬಾಯಿಂದ ತಾನಾಗಿಯೇ ಹೊರಬಿತ್ತು. ದಾಕ್ಷಾಯಿಣಿ ನಾಲಿಗೆ ಕಚ್ಚಿಕೊಂಡಳು.

ಶಿವಗಂಗವ್ವ ನಿಧಾನವಾಗಿ ಅಗಿದು ನುಂಗಿದಳು. "ಬಿಸಿ ಐತಿ," ಎಂದಳು. "ಉಪ್ಪು ಸರಿ ಐತಿ. ಉಳದದ್ದ ನೀ ಹೇಳು."

ದಾಕ್ಷಾಯಿಣಿ ಪಾತ್ರೆಯ ಮೇಲೆ ಬಾಗಿದಳು. ಹಬೆ ಮುಖಕ್ಕೆ ಬಂತು. "ಉಳ್ಳಾಗಡ್ಡಿ ಕೆಂಪಗ ಹುರದ ವಾಸನಿ ಬರಾಕತ್ತೈತ್ರಿ," ಎಂದಳು. "ಕರಿಬೇವು ಹುಕ್ಕೇರಿ ಸಂತ್ಯಾಂದು, ಗಮ್ ಅನ್ನಾಕತ್ತೈತಿ. ತಳದಾಗ ಒಂದ ಸ್ವಲ್ಪ ಹತ್ತೇತಿ. ಹತ್ತಿದ್ದು ಚಲೋ ವಾಸನಿ ಐತ್ರಿ ಅತ್ತಿ, ನಮ್ಮ ಮನ್ಯಾಗ ಬರತೈತಲ್ಲ, ಹಂಗ."

ಶಿವಗಂಗವ್ವ ಕಣ್ಣು ಮುಚ್ಚಿಕೊಂಡು ಕೇಳುತ್ತ ಉಂಡಳು. ತಾಟು ಖಾಲಿಯಾದ ಮೇಲೆ ಅದನ್ನು ಸೊಸೆಯತ್ತ ಚಾಚಿದಳು.

"ತಳದ್ದ ಹಾಕು," ಎಂದಳು.